1986ರ ಕ್ಯಾಲಿಫೋರ್ನಿಯಾ: ಎದುರಾಳಿಯೇ ಇಲ್ಲದ ಚುನಾವಣೆಯಲ್ಲಿ ಮೂವರು ನ್ಯಾಯಮೂರ್ತಿಗಳು ಸೋತದ್ದು ಹೇಗೆ?

ಪ್ರಶ್ನೆ: ಶರಾವತಿ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದಲ್ಲಿ ಕಾನೂನು ಓದುತ್ತಿದ್ದೇನೆ. ನ್ಯಾಯಮೂರ್ತಿಗಳ ನೇಮಕದ ಬೇರೆ ಬೇರೆ ಪದ್ಧತಿಗಳ ಕುರಿತು ಪ್ರಬಂಧವೊಂದನ್ನು ಸಿದ್ಧಪಡಿಸುವಾಗ, ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 1986ರ ನವೆಂಬರ್ 4ರಂದು ನಡೆದ ಮತದಾನದ ವಿಷಯ ಎದುರಾಯಿತು. ಅಂದು ರಾಜ್ಯದ ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿ ರೋಸ್ ಬರ್ಡ್, ನ್ಯಾಯಮೂರ್ತಿಗಳಾದ ಕ್ರೂಜ್ ರೆನೋಸೊ ಮತ್ತು ಜೋಸೆಫ್ ಗ್ರೋಡಿನ್ ಈ ಮೂವರನ್ನು ಜನರೇ ಮತ ಹಾಕಿ ಹುದ್ದೆಯಿಂದ ಇಳಿಸಿದರಂತೆ. ನಾನು ಓದಿದ ಬರಹಗಳಲ್ಲೆಲ್ಲ ಇದಕ್ಕೆ ಒಂದೇ ವಾಕ್ಯದ ವಿವರಣೆ ಇದೆ: ಅವರು ಮರಣದಂಡನೆಯ ತೀರ್ಪುಗಳನ್ನು ರದ್ದುಪಡಿಸುತ್ತಿದ್ದರು, ಜನ ಸಿಟ್ಟಾದರು.

ಈ ವಿವರಣೆಯಿಂದ ನನಗೆ ಸಮಾಧಾನವಾಗಿಲ್ಲ. ಈ ನ್ಯಾಯಮೂರ್ತಿಗಳಿಗೆ ಎದುರಾಳಿ ಅಭ್ಯರ್ಥಿಗಳೇ ಇರಲಿಲ್ಲ ಎನ್ನುತ್ತಾರೆ. ಹಾಗಿದ್ದ ಮೇಲೆ ಅದನ್ನು ಚುನಾವಣೆ ಎಂದು ಕರೆಯುವುದು ಹೇಗೆ? ಸೋಲಿಗೆ ಮರಣದಂಡನೆಯೊಂದೇ ಕಾರಣವೇ, ಅಥವಾ ಅದರ ಹಿಂದೆ ಬೇರೆ ಹಿತಾಸಕ್ತಿಗಳೂ ಇದ್ದವೇ? ಆ ಮತದಾನದಿಂದ ಜನರು ಬಯಸಿದ್ದು ಅವರಿಗೆ ಸಿಕ್ಕಿತೇ? ತಿಳಿದವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಉತ್ತರ: ಹಳೆಯ ವಕೀಲ

ಮೊದಲು ವ್ಯವಸ್ಥೆಯ ವಿಷಯ. ಕ್ಯಾಲಿಫೋರ್ನಿಯಾದಲ್ಲಿ ಹತ್ತೊಂಬತ್ತನೆಯ ಶತಮಾನದ ನಡುವಿನಿಂದಲೂ ರಾಜ್ಯದ ಸರ್ವೋಚ್ಚ ನ್ಯಾಯಾಲಯಕ್ಕೆ ಅಭ್ಯರ್ಥಿಗಳು ಪರಸ್ಪರ ಸ್ಪರ್ಧಿಸಿಯೇ ಆಯ್ಕೆಯಾಗುತ್ತಿದ್ದರು. ರಾಜಕೀಯ ಪಕ್ಷಗಳ ನೆರಳಿನಿಂದ ಪೀಠವನ್ನು ಹೊರತರಬೇಕೆಂಬ ವಾದ ಬಲವಾಗಿ, 1934ರಲ್ಲಿ ಮತದಾರರೇ ಸಂವಿಧಾನದ ತಿದ್ದುಪಡಿಯೊಂದಕ್ಕೆ ಒಪ್ಪಿಗೆ ಕೊಟ್ಟರು. ಅಂದಿನಿಂದ ಈ ನ್ಯಾಯಮೂರ್ತಿಗಳನ್ನು ರಾಜ್ಯಪಾಲರು ಹೆಸರಿಸುತ್ತಾರೆ. (ಅಲ್ಲಿನ ರಾಜ್ಯಪಾಲರು ಜನರಿಂದ ಚುನಾಯಿತರಾದವರು, ಆಡಳಿತದ ನಿಜವಾದ ಮುಖ್ಯಸ್ಥರು ಎಂಬುದನ್ನು ನೆನಪಿಡಬೇಕು.) ಮುಖ್ಯ ನ್ಯಾಯಮೂರ್ತಿ, ಅಟಾರ್ನಿ ಜನರಲ್ ಹಾಗೂ ಮೇಲ್ಮನವಿ ನ್ಯಾಯಾಲಯದ ಹಿರಿಯ ನ್ಯಾಯಮೂರ್ತಿಯೊಬ್ಬರು ಇರುವ ಮೂವರ ಆಯೋಗ ಆ ಹೆಸರನ್ನು ಅನುಮೋದಿಸುತ್ತದೆ. ಆಮೇಲೆ ಬರುವ ರಾಜ್ಯಪಾಲರ ಚುನಾವಣೆಯ ಮತಪತ್ರದಲ್ಲೇ ಆ ನ್ಯಾಯಮೂರ್ತಿಯ ಹೆಸರು ಒಂಟಿಯಾಗಿ ಕಾಣಿಸಿಕೊಳ್ಳುತ್ತದೆ. ಕಾನೂನು ಹೇಳಿರುವ ಅವಧಿಗೆ ಇವರು ಆಯ್ಕೆಯಾಗಬೇಕೇ ಎಂಬ ಪ್ರಶ್ನೆ, ಅದರ ಮುಂದೆ ‘ಹೌದು’ ಮತ್ತು ‘ಇಲ್ಲ’ ಎಂಬ ಎರಡು ಆಯ್ಕೆಗಳು, ಅಷ್ಟೆ. ಎದುರಾಳಿ ಇಲ್ಲ, ಪಕ್ಷದ ಗುರುತಿಲ್ಲ. ‘ಇಲ್ಲ’ ಎಂದವರು ಹೆಚ್ಚಾದರೆ ಸ್ಥಾನ ತೆರವಾಗುತ್ತದೆ, ಅದನ್ನು ರಾಜ್ಯಪಾಲರೇ ಮತ್ತೆ ತುಂಬುತ್ತಾರೆ.

ಪೂರ್ಣಾವಧಿ 12 ವರ್ಷ. ಆದರೆ ಹೊಸದಾಗಿ ಬಂದವರು ಮೊದಲ ಸಲ ಮತದಾರರ ಮುಂದೆ ನಿಲ್ಲುವುದು ತಮ್ಮ ಹಿಂದಿನವರ ಉಳಿದ ಅವಧಿಗಾಗಿ. ಬರ್ಡ್ ಅವರಿಗೆ ಇದು ದುಬಾರಿಯಾಯಿತು. 1977ರಲ್ಲಿ ನೇಮಕಗೊಂಡ ಅವರು 1978ರಲ್ಲಿ ಒಮ್ಮೆ, 1986ರಲ್ಲಿ ಮತ್ತೊಮ್ಮೆ ಪರೀಕ್ಷೆಗೆ ಒಳಗಾಗಬೇಕಾಯಿತು. ಮೊದಲ ಸಲವೇ ಅವರಿಗೆ ಸಿಕ್ಕಿದ್ದು ಸುಮಾರು 52 ಶೇಕಡಾ ಬೆಂಬಲ ಮಾತ್ರ. ಅದಕ್ಕೂ ಮೊದಲು ಇಂತಹ ಮತದಾನಗಳು ಬಹುಮಟ್ಟಿಗೆ ಶಾಸ್ತ್ರಕ್ಕೆ ನಡೆಯುತ್ತಿದ್ದವು. ವಸತಿ ವಿಷಯದಲ್ಲಿ ಜನಾಂಗ ತಾರತಮ್ಯಕ್ಕೆ ಅವಕಾಶ ಕೊಡುವ, 1964ರಲ್ಲಿ ಮತದಾರರೇ ಅಂಗೀಕರಿಸಿದ್ದ ತಿದ್ದುಪಡಿಯೊಂದನ್ನು ನ್ಯಾಯಾಲಯ 1966ರಲ್ಲಿ ತಳ್ಳಿಹಾಕಿದಾಗ ವಿರೋಧದ ಮತಗಳು ಎದ್ದುಕಾಣುವಷ್ಟು ಏರಿದ್ದು ನಿಜವಾದರೂ ಯಾರೂ ಸೋತಿರಲಿಲ್ಲ. 1934ರಿಂದ 1986ರವರೆಗಿನ 52 ವರ್ಷಗಳಲ್ಲಿ ಈ ಪೀಠದ ಯಾವ ನ್ಯಾಯಮೂರ್ತಿಯನ್ನೂ ಮತದಾರರು ಕೆಳಗಿಳಿಸಿರಲಿಲ್ಲ.

ಎದುರಾಳಿ ಇಲ್ಲದಿರುವುದು ನ್ಯಾಯಮೂರ್ತಿಗೆ ರಕ್ಷಣೆ ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ವಿರೋಧ ಸಂಘಟಿತವಾದ ದಿನ ಅದೇ ಅವರಿಗೆ ಮುಳುವಾಗುತ್ತದೆ. ಎದುರಾಳಿ ಇದ್ದಿದ್ದರೆ ಆತನ ಅರ್ಹತೆಯನ್ನೂ ಹಿನ್ನೆಲೆಯನ್ನೂ ಜನ ತೂಗಿ ನೋಡಬೇಕಾಗುತ್ತಿತ್ತು. ಇಲ್ಲಿ ಆ ಪ್ರಶ್ನೆಯೇ ಏಳುವುದಿಲ್ಲ. ಇವರ ಜಾಗಕ್ಕೆ ಬರುವವರು ಯಾರೆಂಬುದನ್ನು ಯಾರೂ ಹೇಳಬೇಕಾಗಿಲ್ಲ.

ಉತ್ತರ: ಸ್ಯಾಕ್ರಮೆಂಟೊ ನಿವಾಸಿ

ಹಿರಿಯರು ವ್ಯವಸ್ಥೆಯನ್ನು ಚೆನ್ನಾಗಿ ವಿವರಿಸಿದ್ದಾರೆ. ಬಹಳ ವರ್ಷಗಳಿಂದ ಈ ರಾಜ್ಯದಲ್ಲಿ ಮತ ಹಾಕುತ್ತಾ ಬಂದವನಾಗಿ ನಾನು ಮತದಾರರ ಪರವಾಗಿ ನಾಲ್ಕು ಮಾತು ಹೇಳಬೇಕು. ಈ ಘಟನೆಯ ಬಗ್ಗೆ ಬರೆಯುವ ಕಾನೂನು ಪಂಡಿತರು ಸಾಮಾನ್ಯವಾಗಿ ಮತದಾರರನ್ನು ಜಾಹೀರಾತಿಗೆ ಮರುಳಾದ ಗುಂಪಿನಂತೆ ಚಿತ್ರಿಸುತ್ತಾರೆ.

ಮರಣದಂಡನೆಯ ವಿಷಯದಲ್ಲಿ ಇಲ್ಲಿನ ಜನ ಮತ್ತು ಇಲ್ಲಿನ ನ್ಯಾಯಾಲಯ ಜಗಳವಾಡಿದ್ದು ಬರ್ಡ್ ಬರುವುದಕ್ಕೂ ಮುಂಚೆ. 1972ರ ಫೆಬ್ರವರಿಯಲ್ಲಿ ನ್ಯಾಯಾಲಯವು ಮರಣದಂಡನೆ ರಾಜ್ಯದ ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪು ಕೊಟ್ಟಿತು. ಅದೇ ವರ್ಷದ ನವೆಂಬರ್‌ನಲ್ಲಿ ಜನರು ಸಂವಿಧಾನವನ್ನೇ ತಿದ್ದಿ ಅದನ್ನು ಮರಳಿ ತಂದರು. 1977ರಲ್ಲಿ ರಾಜ್ಯಪಾಲ ಜೆರ್ರಿ ಬ್ರೌನ್ ತಮ್ಮ ನಿರಾಕರಣಾಧಿಕಾರ ಚಲಾಯಿಸಿದರೂ ಶಾಸಕಾಂಗ ಅದನ್ನು ಮೀರಿ ಮರಣದಂಡನೆಯ ಕಾನೂನು ಮಾಡಿತು. 1978ರಲ್ಲಿ ಜನರು ಮತ್ತೆ ನೇರ ಮತದಾನದ ಮೂಲಕ ಆ ಕಾನೂನಿನ ವ್ಯಾಪ್ತಿಯನ್ನು ಹಿಗ್ಗಿಸಿದರು. ಇಷ್ಟೆಲ್ಲ ಆದ ಮೇಲೂ, ತಮ್ಮ ಮುಂದೆ ಬಂದ ಅರವತ್ತಕ್ಕೂ ಹೆಚ್ಚು ಮರಣದಂಡನೆ ಪ್ರಕರಣಗಳಲ್ಲಿ ಒಂದರಲ್ಲಿಯೂ ಮುಖ್ಯ ನ್ಯಾಯಮೂರ್ತಿ ಬರ್ಡ್ ಶಿಕ್ಷೆಯನ್ನು ಎತ್ತಿಹಿಡಿಯಲಿಲ್ಲ. ಒಂದೊಂದು ತೀರ್ಪಿಗೂ ಒಂದೊಂದು ಕಾನೂನು ಕಾರಣ ಇದ್ದಿರಬಹುದು. ಆದರೆ ಸಾಲಾಗಿ ಅಷ್ಟೂ ಪ್ರಕರಣಗಳಲ್ಲಿ ಉತ್ತರ ಒಂದೇ ಆಗಿದ್ದಾಗ, ಈ ನ್ಯಾಯಮೂರ್ತಿಯ ಕೈಯಲ್ಲಿ ಕಾನೂನು ಎಂದಿಗೂ ಜಾರಿಯಾಗುವುದಿಲ್ಲ ಎಂದು ಸಾಮಾನ್ಯ ಮನುಷ್ಯ ತೀರ್ಮಾನಿಸಿದರೆ ಅದನ್ನು ಅಜ್ಞಾನ ಎನ್ನಲಾಗದು. ಸಂವಿಧಾನವೇ ಕೊಟ್ಟಿರುವ ಮತವನ್ನು ಆತ ಮತ್ತೆ ಯಾವುದಕ್ಕೆ ಬಳಸಬೇಕಿತ್ತು?

ಅದು ಕುರುಡು ಪಕ್ಷದ ಅಲೆಯೂ ಆಗಿರಲಿಲ್ಲ. ಆ ದಿನದ ಮತಪತ್ರವನ್ನು ಪೂರ್ತಿ ನೋಡಿದರೆ ಇದು ತಿಳಿಯುತ್ತದೆ. ಮರಣದಂಡನೆಯ ಕಟ್ಟಾ ಬೆಂಬಲಿಗರಾಗಿದ್ದ ರಿಪಬ್ಲಿಕನ್ ರಾಜ್ಯಪಾಲ ಜಾರ್ಜ್ ಡ್ಯೂಕ್‌ಮೇಜಿಯನ್ ಅವರನ್ನು ಭಾರಿ ಅಂತರದಿಂದ ಮರಳಿ ಗೆಲ್ಲಿಸಿದ ಅದೇ ಜನ, ಡೆಮಾಕ್ರಟಿಕ್ ಪಕ್ಷದ ಅಲನ್ ಕ್ರಾನ್‌ಸ್ಟನ್ ಅವರನ್ನು ಸೆನೆಟ್‌ಗೆ ಮರಳಿ ಕಳುಹಿಸಿದರು. ಅದರ ಜೊತೆಗೆ ಜನರೇ ನೇರವಾಗಿ ಮತ ಹಾಕಿ ತೀರ್ಮಾನಿಸಬೇಕಾದ, 53ರಿಂದ 65ರವರೆಗಿನ ಸಂಖ್ಯೆಯ 13 ಪ್ರಸ್ತಾವಗಳು ಬೇರೆ ಇದ್ದವು. ಕುಡಿಯುವ ನೀರಿನಲ್ಲಿ ವಿಷಕಾರಿ ರಾಸಾಯನಿಕಗಳನ್ನು ತಡೆಯುವ, ಉದ್ದಿಮೆಗಳಿಗೆ ಬೇಡವಾಗಿದ್ದ 65ನೆಯ ಪ್ರಸ್ತಾವಕ್ಕೂ ಜನ ‘ಹೌದು’ ಎಂದರು, ಇಂಗ್ಲಿಷನ್ನು ಅಧಿಕೃತ ಭಾಷೆಯನ್ನಾಗಿಸುವ 63ನೆಯದಕ್ಕೂ ‘ಹೌದು’ ಎಂದರು. ನ್ಯಾಯಮೂರ್ತಿಗಳ ಸಾಲಿನಲ್ಲೂ ಆರು ಹೆಸರುಗಳಿದ್ದು, ಮೂವರಿಗೆ ‘ಇಲ್ಲ’, ಮೂವರಿಗೆ ‘ಹೌದು’ ಬಿತ್ತು. ಬರ್ಡ್ ಅವರಿಗೆ ಸಿಕ್ಕ ಬೆಂಬಲ ಸುಮಾರು 34 ಶೇಕಡಾ, ರೆನೋಸೊ ಅವರಿಗೆ 40, ಗ್ರೋಡಿನ್ ಅವರಿಗೆ 43. ಸ್ಟಾನ್ಲಿ ಮಾಸ್ಕ್, ಮಾಲ್ಕಮ್ ಲ್ಯೂಕಸ್ ಮತ್ತು ಎಡ್ವರ್ಡ್ ಪನೆಲ್ಲಿ ಸಲೀಸಾಗಿ ಉಳಿದುಕೊಂಡರು. ಆಯ್ದು ಆಯ್ದು ಮತ ಹಾಕಿದವರನ್ನು ಮರುಳಾದವರು ಎನ್ನುವುದು ನನಗೆ ಒಪ್ಪಿಗೆಯಿಲ್ಲ.

ಉತ್ತರ: ಕಪ್ಪುಮಣ್ಣು

ಸ್ಯಾಕ್ರಮೆಂಟೊ ನಿವಾಸಿಯವರು ಹೇಳಿದ ಘಟನೆಗಳೆಲ್ಲ ಸರಿ. ಅವುಗಳಿಂದ ಅವರು ತೆಗೆಯುವ ತೀರ್ಮಾನಕ್ಕೆ ನನ್ನ ತಕರಾರು ಇದೆ.

ಶಿಕ್ಷೆಗಳು ರದ್ದಾದದ್ದು ಏಕೆ ಎಂದು ನೋಡೋಣ. 1978ರಲ್ಲಿ ಜನರು ಅಂಗೀಕರಿಸಿದ ಕಾನೂನಿನ ಕರಡು ಬಹಳ ಅಸ್ಪಷ್ಟವಾಗಿತ್ತು. ದರೋಡೆಯಂತಹ ಅಪರಾಧದ ನಡುವೆ ಸಾವು ಸಂಭವಿಸಿದಾಗ ಆರೋಪಿಗೆ ಕೊಲ್ಲುವ ಉದ್ದೇಶ ಇತ್ತೆಂದು ಸಾಬೀತಾಗಬೇಕೇ, ಬೇಡವೇ ಎಂಬುದು ಅದರ ಮಾತುಗಳಿಂದ ಗೊತ್ತಾಗುತ್ತಿರಲಿಲ್ಲ. ಉದ್ದೇಶ ಸಾಬೀತಾಗಲೇಬೇಕೆಂದು 1983ರಲ್ಲಿ ಕಾರ್ಲೋಸ್ ಪ್ರಕರಣದಲ್ಲಿ ನ್ಯಾಯಾಲಯ ಹೇಳಿತು. ಅದಕ್ಕೂ ಮೊದಲು ನಡೆದ ವಿಚಾರಣೆಗಳಲ್ಲಿ ಜ್ಯೂರಿಗೆ ಈ ಸೂಚನೆ ಕೊಟ್ಟಿರಲು ಸಾಧ್ಯವೇ ಇರಲಿಲ್ಲವಾದ್ದರಿಂದ, ಒಂದೇ ಬಗೆಯ ದೋಷಕ್ಕೆ ಸಾಲುಸಾಲಾಗಿ ಶಿಕ್ಷೆಗಳು ಬಿದ್ದುಹೋದವು. ಆ ತೀರ್ಪು ತಪ್ಪೆಂದು ವಾದಿಸುವವರು ಇದ್ದಾರೆ, 1987ರಲ್ಲಿ ಹೊಸ ಪೀಠ ಅದನ್ನು ಬಹುಮಟ್ಟಿಗೆ ಕೈಬಿಟ್ಟದ್ದೂ ಹೌದು. ಆದರೂ ಒಂದು ಸಂಗತಿಯನ್ನು ಪ್ರಚಾರಕರು ಎಂದೂ ಹೇಳಲಿಲ್ಲ. ಶಿಕ್ಷೆ ರದ್ದಾಯಿತೆಂದರೆ ಆರೋಪಿ ಮನೆಗೆ ಹೋದನೆಂದು ಅರ್ಥವಲ್ಲ. ಅನೇಕ ಪ್ರಕರಣಗಳಲ್ಲಿ ಕೊಲೆಯ ಅಪರಾಧ ಸಾಬೀತಾದದ್ದು ಹಾಗೆಯೇ ಉಳಿದು, ಶಿಕ್ಷೆಯ ಪ್ರಮಾಣದ ಮೇಲಷ್ಟೇ ಮರುವಿಚಾರಣೆ ನಡೆಯಬೇಕಾಗಿತ್ತು. ಕೊಲೆಯಾದವರ ಬಂಧುಗಳು ಟಿ.ವಿ. ಪರದೆಯ ಮೇಲೆ ಬಂದು ಮಾತನಾಡುವ ಅರ್ಧ ನಿಮಿಷದ ಜಾಹೀರಾತಿನಲ್ಲಿ ಇದಕ್ಕೆ ಜಾಗವಿರಲಿಲ್ಲ.

ಇನ್ನು ಪ್ರಶ್ನೆ ಕೇಳಿದವರ ಎರಡನೆಯ ಅನುಮಾನ. ಮರಣದಂಡನೆ ಹೊರಗಿನ ಮುಖ, ಒಳಗೆ ಬೇರೆ ಲೆಕ್ಕಗಳೂ ಇದ್ದವು ಎಂಬುದು ನನ್ನ ಅಭಿಪ್ರಾಯ. ಬರ್ಡ್ ಅವರ ಮೇಲಿನ ಸಿಟ್ಟು ಅವರು ಪೀಠದಲ್ಲಿ ಕುಳಿತುಕೊಳ್ಳುವ ಮೊದಲೇ ಹುಟ್ಟಿತ್ತು, ಅದು ಹುಟ್ಟಿದ್ದು ಹೊಲಗಳಲ್ಲಿ. ಅವರು ಬ್ರೌನ್ ಅವರ ಸಂಪುಟದಲ್ಲಿ ಕೃಷಿ ಮತ್ತು ಸೇವೆಗಳ ಇಲಾಖೆಯ ಕಾರ್ಯದರ್ಶಿಯಾಗಿದ್ದರು, ಆ ರಾಜ್ಯದಲ್ಲಿ ಸಂಪುಟದರ್ಜೆಯ ಹುದ್ದೆಗೇರಿದ ಮೊದಲ ಮಹಿಳೆ. ಕೃಷಿ ಕಾರ್ಮಿಕರಿಗೆ ಸಂಘಟಿತರಾಗುವ ಹಕ್ಕು ಕೊಟ್ಟ 1975ರ ಕಾನೂನನ್ನು ರೂಪಿಸುವುದರಲ್ಲಿ ಅವರ ಕೈ ದೊಡ್ಡದು. ಆಗಿನ ಲೆಟ್ಯೂಸ್ ಮತ್ತು ಸಕ್ಕರೆ ಬೀಟ್ ಹೊಲಗಳಲ್ಲಿ ಕೂಲಿಯವರಿಗೆ ಕೊಡುತ್ತಿದ್ದ ಗುದ್ದಲಿಯ ಹಿಡಿ ಒಂದೆರಡು ಅಡಿಯಷ್ಟೇ ಇರುತ್ತಿತ್ತು. ಮೆಕ್ಸಿಕೊ ಮೂಲದ ಕಾರ್ಮಿಕರು ಅದನ್ನು ‘ಎಲ್ ಕೊರ್ಟಿಟೊ’ ಎನ್ನುತ್ತಿದ್ದರು. ಅದರಿಂದ ಕಳೆ ತೆಗೆಯಬೇಕಾದರೆ ಬೆಳಗಿನಿಂದ ಸಂಜೆಯವರೆಗೆ ಸೊಂಟ ಬಗ್ಗಿಸಿಯೇ ನಡೆಯಬೇಕು. ಉದ್ದ ಹಿಡಿ ಕೊಟ್ಟರೆ ಬೆಳೆಗೆ ಪೆಟ್ಟಾಗುತ್ತದೆ ಎಂಬುದು ಮಾಲೀಕರ ಸಬೂಬು. ಬಗ್ಗಿರುವವನು ದುಡಿಯುತ್ತಿದ್ದಾನೆ, ನೆಟ್ಟಗೆ ನಿಂತವನು ಸುಮ್ಮನಿದ್ದಾನೆ ಎಂದು ಮೇಸ್ತ್ರಿಗೆ ದೂರದಿಂದಲೇ ತಿಳಿಯುತ್ತಿತ್ತು ಎಂಬುದು ಕಾರ್ಮಿಕರ ಉತ್ತರ. ನಡು ಮುರಿದುಕೊಂಡ ಕಾರ್ಮಿಕರ ಪರವಾಗಿ ಗ್ರಾಮೀಣ ಕಾನೂನು ನೆರವಿನ ವಕೀಲರು ಹೋರಾಡಿದ ಫಲವಾಗಿ 1975ರಲ್ಲಿ ಆ ಗುದ್ದಲಿ ನಿಷೇಧವಾದಾಗ ಕಾರ್ಯದರ್ಶಿಯಾಗಿದ್ದವರು ಬರ್ಡ್. ಆ ಕಾನೂನು ನೆರವಿನ ಸಂಸ್ಥೆಯನ್ನು ಅದಕ್ಕೂ ಕೆಲವು ವರ್ಷ ಮೊದಲು ನಡೆಸಿದ್ದವರು ಕ್ರೂಜ್ ರೆನೋಸೊ, ಸ್ವತಃ ಕೃಷಿ ಕೂಲಿಯವರ ಮನೆಯಲ್ಲಿ ಹುಟ್ಟಿ, ಮುಂದೆ ಆ ಪೀಠಕ್ಕೇರಿದ ಮೊದಲ ಲ್ಯಾಟಿನೊ ನ್ಯಾಯಮೂರ್ತಿ. ದೊಡ್ಡ ಫಾರ್ಮುಗಳ ಮಾಲೀಕರಿಗೆ ಇವರಿಬ್ಬರ ಹೆಸರೂ ಚೆನ್ನಾಗಿಯೇ ಗೊತ್ತಿತ್ತು.

ಅದರ ಮೇಲೆ ವಿಮಾ ಕಂಪನಿಗಳಿದ್ದವು. ಅಪಘಾತದಲ್ಲಿ ನೊಂದವನು ಎದುರು ಪಕ್ಷದ ವಿಮಾ ಕಂಪನಿಯ ಮೇಲೆಯೇ ನೇರವಾಗಿ ದಾವೆ ಹೂಡಬಹುದೆಂದು 1979ರಲ್ಲಿ ರಾಯಲ್ ಗ್ಲೋಬ್ ಪ್ರಕರಣದಲ್ಲಿ ಈ ನ್ಯಾಯಾಲಯ ಹೇಳಿತ್ತು. ಪೀಠ ಬದಲಾದ ಮೇಲೆ 1988ರಲ್ಲಿ ಆ ತೀರ್ಪನ್ನು ರದ್ದುಪಡಿಸಲಾಯಿತು. ಕೆಲಸದಿಂದ ಅನ್ಯಾಯವಾಗಿ ತೆಗೆಯಲ್ಪಟ್ಟ ನೌಕರ ಕೇಳಬಹುದಾದ ಪರಿಹಾರವನ್ನೂ ಅದೇ ವರ್ಷ ಮೊಟಕುಗೊಳಿಸಲಾಯಿತು. ಎರಡೂ ಕಡೆಯವರು ಸೇರಿ ಆ ಪ್ರಚಾರಕ್ಕೆ ಸುರಿದ ಹಣ ಒಂದು ಕೋಟಿ ಡಾಲರ್‌ಗೂ ಹೆಚ್ಚು, ಅದರಲ್ಲಿ ವಿರೋಧಿಗಳದ್ದೇ ದೊಡ್ಡ ಪಾಲು. ವಿಮಾ ದಾವೆಯ ವಿಷಯವನ್ನು ಜಾಹೀರಾತಿನಲ್ಲಿ ತೋರಿಸಿದ್ದರೆ ಯಾರೂ ಎರಡನೆಯ ಸಲ ತಿರುಗಿ ನೋಡುತ್ತಿರಲಿಲ್ಲ. ಆದ್ದರಿಂದ ಮರಣದಂಡನೆಯನ್ನು ತೋರಿಸಿದರು.

ಮರುಪ್ರಶ್ನೆ: ಶರಾವತಿ

ಮೂವರಿಗೂ ಧನ್ಯವಾದಗಳು. ಇದನ್ನೆಲ್ಲ ಓದಿದ ಮೇಲೆ ಹೊಸ ಗೊಂದಲವೊಂದು ಹುಟ್ಟಿದೆ. ಸ್ಟಾನ್ಲಿ ಮಾಸ್ಕ್ ಕೂಡ ಉದಾರವಾದಿ ನ್ಯಾಯಮೂರ್ತಿಯೇ ಆಗಿದ್ದರಲ್ಲವೇ? ಅನೇಕ ಮರಣದಂಡನೆ ಪ್ರಕರಣಗಳಲ್ಲಿ ಅವರೂ ಬಹುಮತದ ಜೊತೆಗೇ ಇದ್ದರೆಂದ ಮೇಲೆ, ಅವರು ಅಷ್ಟು ಸುಲಭವಾಗಿ ಉಳಿದುಕೊಂಡದ್ದು ಹೇಗೆ? ಮತದಾರರು ಆಯ್ದು ಆಯ್ದು ಮತ ಹಾಕಿದರು ಎಂಬ ವಾದಕ್ಕೆ ಇದು ಪೂರಕವೋ, ವಿರುದ್ಧವೋ ನನಗೆ ತಿಳಿಯುತ್ತಿಲ್ಲ.

ಉತ್ತರ: ಹಳೆಯ ವಕೀಲ

ಒಳ್ಳೆಯ ಪ್ರಶ್ನೆ, ಶರಾವತಿಯವರೆ. ನನ್ನ ದೃಷ್ಟಿಯಲ್ಲಿ ಈ ಇಡೀ ಪ್ರಕರಣದ ಗುಟ್ಟು ಮಾಸ್ಕ್ ಅವರಲ್ಲಿದೆ.

ಮಾಸ್ಕ್ ಅವರು ರಾಜ್ಯದ ಅಟಾರ್ನಿ ಜನರಲ್ ಆಗಿ ಚುನಾವಣೆಯಲ್ಲಿ ಗೆದ್ದು ಬಂದವರು. 1964ರಿಂದ ಪೀಠದಲ್ಲಿದ್ದರು. ಪತ್ರಿಕೆಯವರ ಜೊತೆ, ಪೊಲೀಸ್ ಅಧಿಕಾರಿಗಳ ಜೊತೆ, ಎರಡೂ ಪಕ್ಷಗಳ ಮುಖಂಡರ ಜೊತೆ ಹೇಗೆ ಇರಬೇಕೆಂಬುದು ಅವರಿಗೆ ಕರಗತವಾಗಿತ್ತು. ಮರಣದಂಡನೆಯನ್ನು ತಾವು ವೈಯಕ್ತಿಕವಾಗಿ ಒಪ್ಪದಿದ್ದರೂ ಕಾನೂನು ಇರುವವರೆಗೆ ಅದನ್ನು ಪಾಲಿಸಬೇಕೆಂಬುದು ಅವರ ನಿಲುವಾಗಿತ್ತು, ಕೆಲವು ಪ್ರಕರಣಗಳಲ್ಲಿ ಶಿಕ್ಷೆಯನ್ನು ಎತ್ತಿಹಿಡಿದೂ ಇದ್ದರು. ಆದರೆ ಗ್ರೋಡಿನ್ ಅವರೂ ಕೆಲವು ಪ್ರಕರಣಗಳಲ್ಲಿ ಎತ್ತಿಹಿಡಿದಿದ್ದರು, ಅವರು ಸೋತರು. ಅಂದರೆ ತೀರ್ಪುಗಳ ಲೆಕ್ಕದಿಂದ ಮಾತ್ರ ಈ ವ್ಯತ್ಯಾಸ ಬಗೆಹರಿಯುವುದಿಲ್ಲ. ರಾಜ್ಯಪಾಲ ಡ್ಯೂಕ್‌ಮೇಜಿಯನ್ ಮೊದಲು ಬರ್ಡ್ ಅವರನ್ನು ವಿರೋಧಿಸಿ, ಆಮೇಲೆ ಆ ಪಟ್ಟಿಗೆ ರೆನೋಸೊ ಮತ್ತು ಗ್ರೋಡಿನ್ ಅವರನ್ನೂ ಸೇರಿಸಿದರು, ಮಾಸ್ಕ್ ಅವರನ್ನು ಸೇರಿಸಲಿಲ್ಲ. ಬ್ರೌನ್ ನೇಮಿಸಿದ ಮೂವರು ಒಂದು ಕಡೆ, ಉಳಿದವರು ಇನ್ನೊಂದು ಕಡೆ. ಮತದಾರರು ಆಯ್ದದ್ದು ನಿಜ, ಆದರೆ ಆಯ್ಕೆಯ ಗೆರೆಯನ್ನು ಎಳೆದು ಕೊಟ್ಟವರು ಬೇರೆ. ಮಾಸ್ಕ್ ಅವರು 2001ರ ಜೂನ್‌ನಲ್ಲಿ ತೀರಿಕೊಳ್ಳುವವರೆಗೂ, ಅಂದರೆ ಸುಮಾರು 37 ವರ್ಷ, ಅದೇ ಪೀಠದಲ್ಲಿದ್ದರು. ಅಷ್ಟು ದೀರ್ಘಕಾಲ ಅಲ್ಲಿ ಬೇರೆ ಯಾರೂ ಕುಳಿತಿಲ್ಲ.

ಬರ್ಡ್ ಅವರ ಸ್ವಭಾವ ಇದಕ್ಕೆ ತದ್ವಿರುದ್ಧವಾದದ್ದು. ಒಂದು ದಿನವೂ ನ್ಯಾಯಾಧೀಶರಾಗಿ ಕೆಲಸ ಮಾಡದೆ, ನಲವತ್ತರ ವಯಸ್ಸಿನಲ್ಲಿ ನೇರವಾಗಿ ಮುಖ್ಯ ನ್ಯಾಯಮೂರ್ತಿಯಾಗಿ ಬಂದವರು ಅವರು. ಆಯೋಗ ಅವರನ್ನು ಒಪ್ಪಿದ್ದು 2-1ರ ಮತದಿಂದ. ಬಂದ ಕೂಡಲೇ ಹುದ್ದೆಗೆ ಮೀಸಲಾಗಿದ್ದ ದೊಡ್ಡ ಕಾರನ್ನು ಮಾರಿಸಿದರು, ನ್ಯಾಯಾಂಗದ ಆಡಳಿತದ ಹಳೆಯ ರೂಢಿಗಳನ್ನು ಕದಲಿಸಿದರು. ಒಳಗಿನವರಿಗೇ ಅವರು ದೂರವಾದರು. 1978ರ ಮತದಾನದ ದಿನವೇ ಲಾಸ್ ಏಂಜಲಿಸ್ ಟೈಮ್ಸ್ ಪತ್ರಿಕೆಯಲ್ಲಿ, ಬಂದೂಕು ಬಳಸಿದ ಅಪರಾಧಿಗೆ ಕಡ್ಡಾಯ ಸೆರೆವಾಸ ವಿಧಿಸುವ ಕಾನೂನಿಗೆ ವಿರುದ್ಧವಾದ ತೀರ್ಪನ್ನು ಚುನಾವಣೆ ಮುಗಿಯುವವರೆಗೆ ತಡೆಹಿಡಿಯಲಾಗಿದೆ ಎಂಬ ವರದಿ ಬಂತು. 1979ರಲ್ಲಿ ಅದರ ಮೇಲೆ ಬಹಿರಂಗ ವಿಚಾರಣೆಯೇ ನಡೆಯಿತು. ಯಾರ ಮೇಲೂ ಆರೋಪ ಹೊರಿಸದೆ ಅದು ಮುಗಿದರೂ, ನ್ಯಾಯಮೂರ್ತಿಗಳು ಒಬ್ಬರ ಮೇಲೊಬ್ಬರು ಸಾಕ್ಷ್ಯ ಹೇಳುವುದನ್ನು ಜನ ನೋಡಿದ್ದರು. 1986ರಲ್ಲಿ ಪ್ರಚಾರ ನಡೆಸಿಕೊಡಲು ಬಂದ ವೃತ್ತಿಪರರ ಜೊತೆಗೂ ಅವರಿಗೆ ಹೊಂದಾಣಿಕೆಯಾಗಲಿಲ್ಲ. ಟಿ.ವಿ.ಯಲ್ಲಿ ತಾವೇ ಕುಳಿತು ನ್ಯಾಯಾಂಗದ ಸ್ವಾತಂತ್ರ್ಯದ ಬಗ್ಗೆ ಮಾತನಾಡಿದರು. ಕೊಲೆಯಾದ ಮಗುವಿನ ತಾಯಿ ಮಾತನಾಡಿದ ಜಾಹೀರಾತಿನ ಪಕ್ಕದಲ್ಲಿ ಆ ಮಾತು ಯಾರ ಕಿವಿಗೂ ಬೀಳಲಿಲ್ಲ.

ಇದರಲ್ಲಿ ನನ್ನನ್ನು ಹೆಚ್ಚು ಚಿಂತೆಗೀಡುಮಾಡುವುದು ಸೋತವರ ಕಥೆಗಿಂತ ಉಳಿದವರ ಮನಸ್ಸು. ಆ ಪೀಠದಿಂದ 1985ರಲ್ಲಿ ನಿವೃತ್ತರಾದ ನ್ಯಾಯಮೂರ್ತಿ ಆಟೊ ಕಾಸ್ ಅವರು 1982ರಲ್ಲಿ ತಾವೂ ಮತಪತ್ರದಲ್ಲಿದ್ದ ಹೊತ್ತಿನಲ್ಲೇ, ಅಪರಾಧಿಗಳ ಶಿಕ್ಷೆಯನ್ನು ಬಿಗಿಗೊಳಿಸುವ ಜನಪ್ರಿಯ ಪ್ರಸ್ತಾವವೊಂದರ ಸಿಂಧುತ್ವವನ್ನು ತೀರ್ಮಾನಿಸಬೇಕಾಗಿ ಬಂದಿತ್ತು. ಅವರು ಅದನ್ನು ಎತ್ತಿಹಿಡಿದ 4-3ರ ಬಹುಮತದಲ್ಲಿದ್ದರು. ಆ ಮತದ ಮೇಲೆ ಚುನಾವಣೆಯ ನೆರಳು ಬಿದ್ದಿತ್ತೋ ಇಲ್ಲವೋ ಎಂಬುದು ತಮಗೇ ಖಚಿತವಿಲ್ಲವೆಂದು ಅವರು ಮುಂದೆ ಹೇಳಿಕೊಂಡರು. ಬೆಳಗ್ಗೆ ಗಡ್ಡ ಮಾಡಿಕೊಳ್ಳಲು ಹೋದಾಗ ಸ್ನಾನದ ತೊಟ್ಟಿಯಲ್ಲಿ ಮೊಸಳೆ ಕಂಡರೆ ಹೇಗೋ ಹಾಗೆ, ಅದರ ಬಗ್ಗೆ ಯೋಚಿಸಬಾರದೆಂದುಕೊಂಡರೂ ಬೇರೇನನ್ನೂ ಯೋಚಿಸಲು ಆಗುವುದಿಲ್ಲ ಎಂಬ ಅರ್ಥದ ಅವರ ಮಾತು ಅಮೆರಿಕದ ನ್ಯಾಯವಲಯದಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ಪ್ರಾಮಾಣಿಕರು ಎಂಬ ಕಾರಣಕ್ಕೆ ಅವರು ಹೇಳಿದರು, ಹೇಳದವರು ಎಷ್ಟು ಜನವೋ.

ಉತ್ತರ: ಕಾರ್ಕಳದವ

ಚರ್ಚೆ ಕ್ಯಾಲಿಫೋರ್ನಿಯಾದ್ದು, ಅಲ್ಲಿಯೇ ಇರಲಿ. ಆದರೂ ಜನರ ಮತ ಒಂದೇ ನ್ಯಾಯಮೂರ್ತಿಗಳಿಗೆ ಕಂಟಕ ಎಂಬ ಧ್ವನಿ ಇಲ್ಲಿ ಮೂಡುತ್ತಿರುವುದರಿಂದ ಒಂದು ಮಾತನ್ನು ಸೇರಿಸುತ್ತೇನೆ. ಭಾರತದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದ ನಮ್ಮ ಕೌಡೂರು ಸದಾನಂದ ಹೆಗ್ಡೆಯವರ ವಿಷಯದಲ್ಲಿ ಯಾವ ಮತದಾರನೂ ‘ಇಲ್ಲ’ ಎಂದಿರಲಿಲ್ಲ. ಸಂವಿಧಾನವನ್ನು ತಿದ್ದುವ ಸಂಸತ್ತಿನ ಅಧಿಕಾರಕ್ಕೆ ಮಿತಿ ಹಾಕಿದ ಕೇಶವಾನಂದ ಭಾರತಿ ಪ್ರಕರಣದ ತೀರ್ಪು ಹೊರಬಿದ್ದ ಮರುದಿನ, ಅಂದರೆ 1973ರ ಏಪ್ರಿಲ್ 25ರಂದು, ಶೆಲಾತ್, ಹೆಗ್ಡೆ ಮತ್ತು ಗ್ರೋವರ್ ಅವರ ಹಿರಿತನವನ್ನು ಕಡೆಗಣಿಸಿ ಕೇಂದ್ರ ಸರ್ಕಾರವು ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯನ್ನಾಗಿ ಹೆಸರಿಸಿತು, ಮೂವರೂ ರಾಜೀನಾಮೆ ಕೊಟ್ಟರು. ತೀರ್ಪಿಗೆ ತೆತ್ತ ಬೆಲೆ ಎರಡೂ ಕಡೆ ಒಂದೇ. ಹೆಗ್ಡೆಯವರು ಆಮೇಲೆ 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಲೋಕಸಭೆಗೆ ಗೆದ್ದು ಸ್ಪೀಕರ್ ಆದರು. ಅವರ ಪಾಲಿಗೆ ಮತದಾರ ಆಸರೆಯೇ ಆದ.

ಕ್ಯಾಲಿಫೋರ್ನಿಯಾದ ಮತದಾರರಿಗೆ ಬಯಸಿದ್ದು ಸಿಕ್ಕಿತೇ ಎಂಬ ಮೂರನೆಯ ಪ್ರಶ್ನೆಗೆ ಯಾರೂ ಉತ್ತರಿಸಿದಂತಿಲ್ಲ. ಅರ್ಧ ಸಿಕ್ಕಿತು. ಡ್ಯೂಕ್‌ಮೇಜಿಯನ್ ತಮ್ಮ ಹಳೆಯ ವಕೀಲಿ ಪಾಲುದಾರರಾಗಿದ್ದ ಲ್ಯೂಕಸ್ ಅವರನ್ನು ಮುಖ್ಯ ನ್ಯಾಯಮೂರ್ತಿಯನ್ನಾಗಿಸಿ, 1987ರಲ್ಲಿ ಜಾನ್ ಅರ್ಗ್ವೆಲ್ಲೆಸ್, ಡೇವಿಡ್ ಈಗಲ್‌ಸನ್ ಮತ್ತು ಮಾರ್ಕಸ್ ಕೌಫ್‌ಮನ್ ಅವರನ್ನು ತಂದರು. ಹೊಸ ಪೀಠ ತನ್ನ ಮುಂದೆ ಬಂದ ಮರಣದಂಡನೆಗಳಲ್ಲಿ ಬಹುಪಾಲನ್ನು ಎತ್ತಿಹಿಡಿಯಿತು. ಆದರೂ ಗ್ಯಾಸ್ ಕೊಠಡಿ ತಕ್ಷಣ ತೆರೆಯಲಿಲ್ಲ, ಏಕೆಂದರೆ ರಾಜ್ಯದ ನ್ಯಾಯಾಲಯದ ಮೇಲೆ ಒಕ್ಕೂಟದ ನ್ಯಾಯಾಲಯಗಳಿದ್ದವು. 1967ರ ನಂತರದ ಮೊದಲ ಮರಣದಂಡನೆ, ರಾಬರ್ಟ್ ಆಲ್ಟನ್ ಹ್ಯಾರಿಸ್ ಎಂಬಾತನದ್ದು, ಜಾರಿಯಾದದ್ದು 1992ರ ಏಪ್ರಿಲ್ 21ರಂದು. ಅಲ್ಲಿಂದ 2006ರವರೆಗೆ ಆ ರಾಜ್ಯ ಒಟ್ಟು 13 ಜನರ ಶಿಕ್ಷೆಯನ್ನು ಜಾರಿಗೊಳಿಸಿತು, ಆಮೇಲೆ ಒಬ್ಬರದ್ದೂ ಇಲ್ಲ. 2019ರಲ್ಲಿ ರಾಜ್ಯಪಾಲ ಗ್ಯಾವಿನ್ ನ್ಯೂಸಮ್ ತಡೆಯನ್ನೇ ಘೋಷಿಸಿದರು. ವಿಮಾ ಕಂಪನಿಗಳಿಗೆ ಮಾತ್ರ ಎರಡೇ ವರ್ಷದಲ್ಲಿ ಫಲ ಸಿಕ್ಕಿತು ಎಂಬುದನ್ನು ಕಪ್ಪುಮಣ್ಣು ಅವರ ಉತ್ತರದಲ್ಲಿ ಈಗಾಗಲೇ ನೋಡಿದ್ದೇವೆ.

ಉತ್ತರ: ಸ್ಯಾಕ್ರಮೆಂಟೊ ನಿವಾಸಿ

ಕಾರ್ಕಳದವರ ಮಾತಿಗೆ ಒಂದು ಪ್ರತಿಕ್ರಿಯೆ, ಒಂದು ಒಪ್ಪಿಗೆ. ಮರಣದಂಡನೆಗಳು ಕಡಿಮೆ ಜಾರಿಯಾದವು ಎಂಬುದರಿಂದ 1986ರ ಮತ ವ್ಯರ್ಥವಾಯಿತೆಂದು ನಾನು ಒಪ್ಪುವುದಿಲ್ಲ. ಜನರು ಕೇಳಿದ್ದು ಹೆಚ್ಚು ಸಾವುಗಳನ್ನಲ್ಲ, ತಾವು ಮಾಡಿದ ಕಾನೂನನ್ನು ರಾಜ್ಯದ ನ್ಯಾಯಾಲಯ ಕಾನೂನೆಂದು ಪರಿಗಣಿಸಲಿ ಎಂದು. ಅದು ಆಯಿತು.

ಒಪ್ಪಿಗೆ ಏನೆಂದರೆ, ಈ ಅಸ್ತ್ರ ಎಲ್ಲೆಡೆ ಒಂದೇ ರೀತಿ ಬಳಕೆಯಾಗಿಲ್ಲ. ಕ್ಯಾಲಿಫೋರ್ನಿಯಾದಲ್ಲೇ 1998ರಲ್ಲಿ, ಅಪ್ರಾಪ್ತೆಯರ ಗರ್ಭಪಾತಕ್ಕೆ ಪೋಷಕರ ಒಪ್ಪಿಗೆ ಬೇಕೆನ್ನುವ ಕಾನೂನನ್ನು ತಳ್ಳಿಹಾಕಿದ್ದಕ್ಕಾಗಿ ಮುಖ್ಯ ನ್ಯಾಯಮೂರ್ತಿ ರೊನಾಲ್ಡ್ ಜಾರ್ಜ್ ಮತ್ತು ಮಿಂಗ್ ಚಿನ್ ಅವರ ಮೇಲೆ ಪ್ರಚಾರ ನಡೆದಾಗ ಜನ ಅವರಿಬ್ಬರನ್ನೂ ಸುಲಭವಾಗಿ ಉಳಿಸಿಕೊಂಡರು. 1986ರ ನಂತರ ಇಲ್ಲಿನ ಸರ್ವೋಚ್ಚ ನ್ಯಾಯಾಲಯದ ಯಾರೊಬ್ಬರೂ ಸೋತಿಲ್ಲ. ಆದರೆ ಅಯೋವಾ ರಾಜ್ಯದಲ್ಲಿ, ಸಲಿಂಗ ವಿವಾಹಕ್ಕೆ ದಾರಿ ತೆರೆದ 2009ರ ಸರ್ವಾನುಮತದ ತೀರ್ಪಿಗಾಗಿ 2010ರಲ್ಲಿ ಮೂವರು ನ್ಯಾಯಮೂರ್ತಿಗಳು ಹುದ್ದೆ ಕಳೆದುಕೊಂಡರು. ಆ ತೀರ್ಪಿಗೆ ಏಳೂ ಜನ ಸಹಿ ಹಾಕಿದ್ದರು. ಆ ವರ್ಷ ಮತಪತ್ರದಲ್ಲಿ ಹೆಸರು ಇದ್ದದ್ದು ಮೂವರದ್ದು ಮಾತ್ರ, ಆದ್ದರಿಂದ ಹೋದವರೂ ಮೂವರೇ. ಇದನ್ನು ಆಯ್ದು ಹಾಕಿದ ಮತ ಎಂದು ನಾನೂ ಸಮರ್ಥಿಸಲಾರೆ.

ಉತ್ತರ: ಹಳೆಯ ವಕೀಲ

ಶರಾವತಿಯವರೆ, ಪ್ರಬಂಧಕ್ಕೆ ಉಪಯೋಗವಾಗಬಹುದಾದ ಇನ್ನೊಂದು ಸಂಗತಿ. ಎದುರಾಳಿ ಇರುವ ಚುನಾವಣೆ ಇದಕ್ಕಿಂತ ಮೇಲು ಎಂದು ಯಾರಾದರೂ ವಾದಿಸಿದರೆ ಪಶ್ಚಿಮ ವರ್ಜೀನಿಯಾದ 2004ರ ಉದಾಹರಣೆಯನ್ನು ಮುಂದಿಡಿ. ಕಲ್ಲಿದ್ದಲು ಕಂಪನಿಯೊಂದರ ಮೇಲೆ 5 ಕೋಟಿ ಡಾಲರ್ ಪರಿಹಾರದ ತೀರ್ಪು ಬಂದಿದ್ದು, ಅದು ಮೇಲ್ಮನವಿಗೆ ಹೋಗಬೇಕಿದ್ದ ಸಮಯದಲ್ಲಿ, ಆ ಕಂಪನಿಯ ಮುಖ್ಯಸ್ಥರು ಸುಮಾರು 30 ಲಕ್ಷ ಡಾಲರ್ ಖರ್ಚು ಮಾಡಿ ಹಾಲಿ ನ್ಯಾಯಮೂರ್ತಿಯನ್ನು ಸೋಲಿಸಲು ನೆರವಾದರು. ಗೆದ್ದು ಬಂದ ಹೊಸ ನ್ಯಾಯಮೂರ್ತಿ ಅದೇ ಮೇಲ್ಮನವಿಯಲ್ಲಿ ಕುಳಿತು ಕಂಪನಿಯ ಪರ ಮತ ಕೊಟ್ಟರು. ಅವರು ಹಿಂದೆ ಸರಿಯಬೇಕಿತ್ತೆಂದು ಅಮೆರಿಕದ ಸುಪ್ರೀಂ ಕೋರ್ಟ್ 2009ರಲ್ಲಿ 5-4ರ ಬಹುಮತದಿಂದ ಹೇಳಬೇಕಾಯಿತು. ಅಂತಹ ಸಂದರ್ಭದಲ್ಲೂ ನಾಲ್ವರು ಒಪ್ಪಲಿಲ್ಲ ಎಂಬುದನ್ನು ಅಡಿಗೆರೆ ಹಾಕಿ ಓದಿಕೊಳ್ಳಿ.

ಬರ್ಡ್ ಅವರ ಮುಂದಿನ ಬದುಕಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅವರಿಗೆ ಮತ್ತೆ ದೊಡ್ಡ ಹುದ್ದೆ ಯಾವುದೂ ಸಿಗಲಿಲ್ಲ. ಈಸ್ಟ್ ಪಾಲೊ ಆಲ್ಟೊದಲ್ಲಿ ಬಡವರಿಗೆ ಕಾನೂನು ನೆರವು ಕೊಡುವ ಕಚೇರಿಯೊಂದಕ್ಕೆ ಹೋಗಿ, ತಾವು ಯಾರೆಂದು ಹೇಳಿಕೊಳ್ಳದೆ ಕಾಗದಗಳ ನಕಲು ತೆಗೆಯುವ ಕೆಲಸ ಮಾಡುತ್ತಿದ್ದರು. 1999ರ ಡಿಸೆಂಬರ್‌ನಲ್ಲಿ, 63ನೆಯ ವಯಸ್ಸಿನಲ್ಲಿ, ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡರು. ರೆನೋಸೊ ಅವರಿಗೆ 2000ದಲ್ಲಿ ಅಧ್ಯಕ್ಷ ಕ್ಲಿಂಟನ್ ಅಮೆರಿಕದ ಅತ್ಯುನ್ನತ ನಾಗರಿಕ ಗೌರವವನ್ನು ಕೊಟ್ಟರು. ಗ್ರೋಡಿನ್ ಕಾನೂನು ಕಾಲೇಜಿನಲ್ಲಿ ಪಾಠ ಹೇಳುವುದಕ್ಕೆ ಮರಳಿದರು.